ವೀರ್‌ಲೋಕ್‌ಗೆ ಹೋಗುವ ದಾರಿ ಪುಣೆಯ ಮೇಲೆ ಹಾದಿದೆ

ಹುಬ್ಬಳ್ಳಿ-ಧಾರವಾಡದ ಮಂದಿಗೆ ಪುಣೆ ಪರಸ್ಥಳವೇ ಅಲ್ಲ. ಮಗಳನ್ನು ಕೊಟ್ಟ ಊರು, ಮಗ ನೌಕರಿ ಹಿಡಿದ ಊರು, ದವಾಖಾನೆಗೆ ಹೋಗುವ ಊರು. ಸಂಗೀತದ ಹುಚ್ಚಿದ್ದವರಿಗಂತೂ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಉತ್ಸವದ ಊರು. ನಮ್ಮ ಗುರುವಿಗೆ ನಮ್ಮವನೇ ಕಟ್ಟಿದ ಜಾತ್ರೆ ಪರರಾಜ್ಯದಲ್ಲಿ ನಡೆಯುತ್ತದೆ ಎಂಬುದು ನಮಗೆ ಒಳಗೊಳಗೇ ಜಂಬದ ವಿಷಯ. ಹೀಗೆ ಪುಣೆಗೆ ಹೋಗಲು ಕಾರಣ ಬೇಕಾದಷ್ಟಿವೆ. ಮೊಬೈಲಿನಲ್ಲಿ ಗುಂಡು ಹಾರಿಸುವ ಒಂದು ಆಟವನ್ನು ನೋಡಲೆಂದೇ ಆ ಊರಿಗೆ ಹೋದವನು ಮಾತ್ರ ನಮ್ಮ ಓಣಿಯಲ್ಲಿ ನಾನೊಬ್ಬನೇ ಇರಬೇಕು.

ಹೊರಡಿಸಿದವನು ಅಳಿಯ, ಅಕ್ಕನ ಮಗ. ಹಿಂಜವಡಿಯ ಐಟಿ ಪಾರ್ಕಿನಲ್ಲಿ ಕೆಲಸ, ಕೋಥರೂಡಿನಲ್ಲಿ ಗೆಳೆಯರ ಜೊತೆ ಬಾಡಿಗೆ ಕೋಣೆ. ಫೋನಿನಲ್ಲಿ ಒಂದು ದಿನ ಹೇಳಿದ: "ಮಾಮಾ, ನೀವು ಬರೇ ಪುಣೆ ನೋಡೀರಿ. ಪುಣೆದವ್ರು ಒಂದು ಗ್ರಹಾನ ಕಟ್ಟ್ಯಾರ, ಅದನ್ನ ನೋಡಿಲ್ಲ. ಹೊಸಾ ಅಪ್‌ಡೇಟ್ ಬಂದೈತಿ, ಬರ್ರಿ."

ಗ್ರಹದ ಹೆಸರು ವೀರ್‌ಲೋಕ್. ಆಟದ ಹೆಸರು 'ಇಂಡಸ್ ಬ್ಯಾಟಲ್ ರಾಯಲ್'. ಮಾಡಿದವರು ಪುಣೆಯ ಸೂಪರ್‌ಗೇಮಿಂಗ್ ಕಂಪನಿಯವರು. ರಾಬಿ ಜಾನ್ ಅದರ ಸ್ಥಾಪಕರಲ್ಲಿ ಒಬ್ಬರು. ಜಪಾನಿನ ಹಳೆಯ ಪ್ಯಾಕ್‌-ಮ್ಯಾನ್ ಆಟದ ಮೊಬೈಲ್ ರೂಪದ ಹಿಂದೆ ದುಡಿಯುವ ಯಂತ್ರಾಂಗವೂ ಇದೇ ಕಂಪನಿಯದು ಎಂದು ತಿಳಿದಾಗ ನಾನು ಹುಬ್ಬೇರಿಸಿದೆ. ಇಂಡಸ್‌ನ ಸುದ್ದಿ ಹೊರಬಿದ್ದದ್ದು 2022ರಲ್ಲಿ, ಆಟ ಎಲ್ಲರ ಕೈಗೆ ಸಿಕ್ಕಿದ್ದು 2024ರ ಅಕ್ಟೋಬರ್ 16ರಂದು. ಆ ನಡುವಿನ ಎರಡು ವರ್ಷ ಹುಡುಗರು ಮದುವೆಯ ದಿನಾಂಕ ಕಾಯುವವರಂತೆ ಕಾದಿದ್ದರಂತೆ.

ವಂದೇ ಭಾರತ್ ರೈಲು ಬಂದ ಮೇಲೆ ಹುಬ್ಬಳ್ಳಿಯಿಂದ ಪುಣೆ ಒಂದು ಬೆಳಗಿನ ದಾರಿ. ಬೆಳಗಾವಿ ದಾಟಿ, ಮಿರಜ್, ಸಾಂಗ್ಲಿ, ಸಾತಾರಾ. ಕೃಷ್ಣೆಯನ್ನು ದಾಟುವಾಗ ಎದುರು ಸೀಟಿನ ಅಜ್ಜಿ ಕೈಮುಗಿದು ಒಂದು ರೂಪಾಯಿ ಎಸೆಯಲು ಕಿಟಕಿ ಹುಡುಕಿದರು. ಈ ರೈಲಿನ ಕಿಟಕಿ ತೆರೆಯುವುದಿಲ್ಲ. ಅಜ್ಜಿ ನಾಣ್ಯವನ್ನು ಮತ್ತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನಾನು ಆ ಹೊತ್ತಿನಲ್ಲಿ ಅಳಿಯ ಕಳಿಸಿದ್ದ ಟಿಪ್ಪಣಿಗಳನ್ನು ಓದುತ್ತಿದ್ದೆ. ಪ್ರತಿ ಅಪ್‌ಡೇಟ್ ಜೊತೆಗೆ ಒಂದು ಪಟ್ಟಿ ಬರುತ್ತದೆ: ಯಾವ ಬಂದೂಕು ಹೊಸದು, ಯಾವುದರ ಪೆಟ್ಟು ಇಳಿಸಿದ್ದಾರೆ, ಯಾವುದರದು ಏರಿಸಿದ್ದಾರೆ, ಎಲ್ಲಿ ಹೊಸ ಕಟ್ಟಡ, ಎಲ್ಲಿ ಹೊಸ ಸವಾಲು. ಇಳಿಸಿದರೆ 'ನರ್ಫ್', ಏರಿಸಿದರೆ 'ಬಫ್' ಎನ್ನುತ್ತಾರೆ ಹುಡುಗರು. ನಮ್ಮ ಕಡೆ ಬಜೆಟ್ ಬಂದ ದಿನ ಅಡತಿ ಅಂಗಡಿಯಲ್ಲಿ ನಡೆಯುವ ಚರ್ಚೆಯ ಗಾಂಭೀರ್ಯವೇ ಅವರ ಮಾತಿನಲ್ಲೂ ಇರುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬ್ಯಾಟಲ್ ರಾಯಲ್ ಎಂಬ ಜಾತಿಯ ಆಟಗಳಿಗೆಲ್ಲ ಮೂಲಪುರುಷ ಜಪಾನಿನ ಕೌಶುನ್ ತಕಾಮಿ. ಅವರ ಕಾದಂಬರಿ ಬಂದದ್ದು 1999ರಲ್ಲಿ. ಮರುವರ್ಷವೇ ಸಿನಿಮಾ ಆಯಿತು. ಒಂದು ದ್ವೀಪ, ಒಂದಷ್ಟು ಜನ, ಕೊನೆಗೆ ಉಳಿದವನು ಬದುಕಿದ. ಐರ್ಲೆಂಡಿನ ಬ್ರೆಂಡನ್ ಗ್ರೀನ್ 2017ರಲ್ಲಿ ಪಬ್‌ಜಿ ಮಾಡಿದಾಗ ಅದು ಜಗತ್ತಿನ ಆಟವಾಯಿತು. 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲದ ಭೂಮಿಯ ಮೇಲೆ 100 ಜನ ಬರಿಗೈಯಲ್ಲಿ ಇಳಿಯುತ್ತಾರೆ. ಸಿಕ್ಕ ಮನೆ ಹೊಕ್ಕು ಬಂದೂಕು, ಹೆಲ್ಮೆಟ್, ಬ್ಯಾಂಡೇಜು ಲೂಟಿ ಮಾಡುತ್ತಾರೆ. ಸುತ್ತ ಒಂದು ವೃತ್ತ ಕುಗ್ಗುತ್ತ ಬರುತ್ತದೆ. ವೃತ್ತದ ಹೊರಗೆ ಉಳಿದವನ ಪ್ರಾಣ ಸೋರುತ್ತದೆ. ಹಾಗಾಗಿ ಯಾರೂ ಮೂಲೆಯಲ್ಲಿ ಅಡಗಿ ಕೂತು ಬದುಕಲಾರರು. ಎಲ್ಲರನ್ನೂ ತಳ್ಳಿಕೊಂಡು ಬಂದು ಒಂದೇ ಅಂಗಳದಲ್ಲಿ ಎದುರುಬದುರು ನಿಲ್ಲಿಸುವ ಯುಕ್ತಿ ಅದು. ಕೊನೆಗೆ ನಿಂತವನು, ಅಥವಾ ನಿಂತ ನಾಲ್ವರ ತಂಡ, ಗೆದ್ದಂತೆ.

ಇದರ ಇತಿಹಾಸ ನಮ್ಮ ದೇಶದಲ್ಲಿ ಸರ್ಕಾರಿ ಆದೇಶಗಳ ಇತಿಹಾಸವೂ ಹೌದು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳು ನಿಷೇಧವಾದವು. 2021ರ ಜುಲೈನಲ್ಲಿ ಅದೇ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ, ಹಸಿರು ರಕ್ತ ಸುರಿಸುತ್ತ, ಮರಳಿತು. ಮರುವರ್ಷ ಜುಲೈಯಲ್ಲಿ ಮತ್ತೆ ಮಾಯ. 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷ, ಈ ಸಲ 18 ತುಂಬದವರಿಗೆ ದಿನಕ್ಕೆ 3 ಗಂಟೆ ಎಂಬ ಕಟ್ಟಳೆಯೊಂದಿಗೆ. ಊರ ಮಧ್ಯೆ ಇಷ್ಟು ಸಲ ಬಾಗಿಲು ಹಾಕಿ ತೆಗೆದ ಅಂಗಡಿಗೆ ಗಿರಾಕಿ ಕಡಿಮೆಯಾಗಲೇ ಇಲ್ಲ. ಆ ಗದ್ದಲದ ನಡುವೆಯೇ ಪುಣೆಯವರು ನಮ್ಮದೇ ಒಂದು ಇರಲಿ ಎಂದು ಇಂಡಸ್ ಕಟ್ಟಿದರು.

ಕೋಥರೂಡಿನ ಆ ಕೋಣೆಯನ್ನು ವರ್ಣಿಸದೆ ಮುಂದೆ ಹೋಗಲಾರೆ. ನಾಲ್ಕು ಗಾದಿ, ನಾಲ್ಕು ಫೋನು, ಒಂದೇ ಪ್ಲಗ್ಗಿಗೆ ಜೋತುಬಿದ್ದ ವೈರುಗಳ ಗೊಂಚಲು. ಹುಡುಗರು ನಾಲ್ವರು: ನಮ್ಮ ಅಳಿಯ, ಸೊಲ್ಲಾಪುರದ ಒಬ್ಬ, ನಾಗಪುರದ ಒಬ್ಬ, ಕಾಸರಗೋಡಿನ ಒಬ್ಬ. ಆಟಕ್ಕೆ ಕೂರುವ ಮೊದಲು ಅವರ ಸಿದ್ಧತೆ ನೋಡಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ತೆಳ್ಳನೆಯ ಬಟ್ಟೆಯ ಟೋಪಿ, ಬೆವರಿಗೆ ಬೆರಳು ಜಾರಬಾರದೆಂದು. ಫೋನಿನ ಬೆನ್ನಿಗೆ ಕಚ್ಚಿಕೊಂಡ ಅಂಗೈಯಗಲದ ಒಂದು ಫ್ಯಾನು, ಅದು ಕಾಯಬಾರದೆಂದು. ನಾವು ಫೋನನ್ನು ಹಿಡಿಯುವಂತೆ ಅವರು ಹಿಡಿಯುವುದಿಲ್ಲ. ಎರಡು ಹೆಬ್ಬೆರಳು ಕೆಳಗೆ, ಎರಡು ತೋರುಬೆರಳು ಕೊಕ್ಕೆಯಂತೆ ಬಾಗಿ ಮೇಲಿನ ಅಂಚಿನಿಂದ ಪರದೆಯ ಮೇಲೆ. ಎಡ ಹೆಬ್ಬೆರಳು ನಡೆಸುತ್ತದೆ, ಬಲದ್ದು ನೋಟ ತಿರುಗಿಸುತ್ತದೆ, ಎಡ ತೋರುಬೆರಳು ಗುಂಡು ಹಾರಿಸುತ್ತದೆ, ಬಲ ತೋರುಬೆರಳು ಗುರಿಗಾಜು ತೆರೆಯುತ್ತದೆ. ನಾಲ್ಕೂ ಒಂದೇ ಹೊತ್ತಿಗೆ. ಮೃದಂಗದವರ ಬೆರಳು ಬಿಟ್ಟರೆ ಇಂಥ ಬೆರಳು ನಾನು ಕಂಡಿರಲಿಲ್ಲ.

ನನ್ನ ಕೈಗೂ ಒಂದು ಫೋನು ಬಂತು. ಕಿವಿಗೆ ಇಯರ್‌ಫೋನು. ಕಣ್ಣೆದುರು ವೀರ್‌ಲೋಕ್ ತೆರೆಯಿತು.

ಬೆರಗು ಎಂದರೆ ಅದು. ಯಕ್ಷರೆಂಬ ಒಂದು ಪ್ರಾಚೀನ ಜನಾಂಗ ಕಟ್ಟಿ ಬಿಟ್ಟುಹೋದ ಲೋಕ ಎಂಬುದು ಕಥೆ. ಸಿಂಧೂ ಬಯಲಿನ ನೆನಪನ್ನು ಎತ್ತಿ ಅಂತರಿಕ್ಷ ಯುಗಕ್ಕೆ ಎಸೆದಿದ್ದಾರೆ. ಆಡುವವರು 'ಮಿಥ್‌ವಾಕರ್'ಗಳು, ಪುರಾಣದೊಳಗೆ ನಡೆದಾಡುವವರು. ಪಾತ್ರಗಳ ಹೆಸರು ಸರ್-ತಾಜ್, ಆದ್ಯಾ, ಬಿಗ್-ಗಜ್, ಮೋರ್-ನಿ. ಒಂದರ ಮೈಕಟ್ಟಿನಲ್ಲಿ ಆನೆ, ಇನ್ನೊಂದರಲ್ಲಿ ನವಿಲು. ಇಷ್ಟು ವರ್ಷ ನಮ್ಮ ಹುಡುಗರು ರಷ್ಯದ ಗೋದಾಮುಗಳ ನಡುವೆ, ಹೆಸರು ನಾಲಗೆಗೆ ಹೊರಳದ ಊರುಗಳಲ್ಲಿ ಓಡಾಡಿ ಸತ್ತವರು. ಈಗ ಸಾಯುವುದಾದರೂ ಪರಿಚಯದ ಕಂಬದ ನೆರಳಿನಲ್ಲಿ. ಎಲ್ಲವೂ ಸೊಗಸೆಂದು ನಾನು ಹೇಳುವುದಿಲ್ಲ. ಕೆಲವು ಹೆಸರುಗಳಲ್ಲಿ ಶ್ಲೇಷೆಯ ಚಪಲ ಹೆಚ್ಚಾಯಿತು. ಆದರೆ ದೂರದ ಮಂಜಿನಿಂದ ಆ ಕಟ್ಟಡಗಳ ಸಾಲು ಮೂಡಿ ಬಂದಾಗ, ಇದನ್ನು ನಾನು ಈಗ ಕೂತಿರುವ ಇದೇ ಊರಿನಲ್ಲಿ ಯಾರೋ ವಡಾಪಾವ್ ತಿನ್ನುತ್ತ ಬರೆದರಲ್ಲ ಎಂದು ಮೈ ಜುಮ್ಮೆಂದಿತು.

"ಮಾಮಾ, ಅಲ್ಲಿ ಇಳೀಬ್ಯಾಡ್ರಿ, ಹಾಟ್ ಡ್ರಾಪ್ ಐತಿ" ಎಂದ ಅಳಿಯ. ಎಲ್ಲರೂ ಮುಗಿಬೀಳುವ ಜಾಗ ಎಂದರ್ಥ. ಅಷ್ಟರಲ್ಲಿ ನಾನು ಇಳಿದಾಗಿತ್ತು. ಬಂದೂಕು ಕೈಗೆ ಬರುವ ಮೊದಲೇ ಪ್ರಾಣ ಹೋಗಿತ್ತು.

ಸತ್ತ ಮೇಲಿನ ಸ್ಥಿತಿಯೇ ಈ ಆಟದ ಸೊಗಸು. ಸತ್ತವನು ಹೊರಗೆ ಹೋಗಬೇಕಿಲ್ಲ, ಬದುಕಿರುವ ಗೆಳೆಯನ ಕಣ್ಣಿನಿಂದ ಲೋಕ ನೋಡಬಹುದು. ನಾನು ಅಳಿಯನ ಕಣ್ಣಿನೊಳಗೆ ಕೂತೆ. ಅವನನ್ನು ಎತ್ತಿ ಆಡಿಸಿದವನು ನಾನು. ಅವನು ಲೋಕವನ್ನು ಹೇಗೆ ನೋಡುತ್ತಾನೆಂದು ಗೊತ್ತಾದದ್ದು ಆವತ್ತು. ಗೋಡೆ ಕಂಡರೆ ಅವನಿಗೆ ಗೋಡೆಯಲ್ಲ, ಕವರ್. ಮೆಟ್ಟಿಲು ಕಂಡರೆ ಸದ್ದು. ಕಿಟಕಿಗೆ ಬೆನ್ನು ಕೊಡುವುದೇ ಇಲ್ಲ. ಹುಲ್ಲಿನ ಅಲುಗಾಟದಲ್ಲಿ ಗಾಳಿ ಯಾವುದು, ಮನುಷ್ಯ ಯಾವುದು ಎಂದು ಒಂದು ಕ್ಷಣದಲ್ಲಿ ಬೇರ್ಪಡಿಸುತ್ತಾನೆ. ನನ್ನನ್ನು ಕೊಂದವನ ಮೇಲೆ ಸೇಡು ಹೊತ್ತುಕೊಳ್ಳುವ ಸೌಲಭ್ಯವೂ ಆಟದಲ್ಲಿದೆ, 'ಗ್ರಜ್' ಎನ್ನುತ್ತಾರೆ. ಅಪರಿಚಿತನ ಮೇಲೆ ಬಟನ್ ಒತ್ತಿ ಹಗೆ ಸಾಧಿಸುವುದು ನಮ್ಮ ಕಾಲದಲ್ಲಿರಲಿಲ್ಲ. ಹಗೆಗೆ ಆಗ ಕನಿಷ್ಠ ಒಂದು ಹೊಲದ ಬದುವಾದರೂ ಬೇಕಿತ್ತು.

ಆಟ ಕೊನೆಗೆ ಬಂತು. ವೃತ್ತ ಕುಗ್ಗಿ ಅಂಗಳದಷ್ಟಾಗಿತ್ತು. ನಮ್ಮವರು ಇಬ್ಬರು ಉಳಿದಿದ್ದರು, ಎದುರಾಳಿಗಳು ಯಾವ ಗೋಡೆಯ ಹಿಂದೆ ಎಷ್ಟು ಜನವೋ. ಆಗ ಕಾಸ್ಮಿಯಂ ಕಾಣಿಸಿಕೊಂಡಿತು.

ನಾನು ಪುಣೆಗೆ ಬಂದದ್ದು ವ್ಯರ್ಥವಾಗಲಿಲ್ಲ ಅನಿಸಿದ ಕ್ಷಣ ಅದು. ಕಾಸ್ಮಿಯಂ ವೀರ್‌ಲೋಕ್‌ನ ಅಪೂರ್ವ ಖನಿಜ ಎಂಬುದು ಕಥೆ. ನಿಯಮದ ಭಾಷೆಯಲ್ಲಿ ಅದು ಗೆಲುವಿನ ಎರಡನೇ ಬಾಗಿಲು. ಬೇರೆ ಬ್ಯಾಟಲ್ ರಾಯಲ್‌ಗಳಲ್ಲಿ ಕೊನೆಯವನಾಗಿ ಉಳಿದರೆ ಮಾತ್ರ ಗೆಲುವು. ಇಲ್ಲಿ ಹಾಗೆ ಉಳಿದೂ ಗೆಲ್ಲಬಹುದು, ಆಟದ ಕೊನೆಯ ಹಂತದಲ್ಲಿ ಮೂಡುವ ಕಾಸ್ಮಿಯಂ ಅನ್ನು ವಶಪಡಿಸಿಕೊಂಡೂ ಗೆಲ್ಲಬಹುದು, ಎದುರಾಳಿ ಜೀವಂತ ಇದ್ದಾಗಲೂ.

ಕೋಣೆಯಲ್ಲಿ ಗದ್ದಲವೆದ್ದಿತು. "ಭಾಊ, ಜಾ ಜಾ!" ಎಂದ ಸೊಲ್ಲಾಪುರದವ. "ಬ್ಯಾಡಲೇ, ಅವ್ರು ಕಾಯಾಕತ್ತಾರ" ಎಂದ ನಮ್ಮವ. ಕಾಸರಗೋಡಿನವ ಆಗಲೇ ಓಡತೊಡಗಿದ್ದ. ಅದುವರೆಗೂ ಕಲ್ಲಿನಂತೆ ಬಚ್ಚಿಟ್ಟುಕೊಂಡು ಕೂತಿದ್ದ ಜಾಣರೆಲ್ಲ, ಹುಡುಗರ ಮಾತಿನಲ್ಲಿ 'ಕ್ಯಾಂಪ್' ಮಾಡುತ್ತಿದ್ದವರೆಲ್ಲ, ಎದ್ದು ಬಯಲಿಗೆ ಬರಲೇಬೇಕಾಯಿತು. ಬರದಿದ್ದರೆ ಯಾವನೋ ಒಬ್ಬ ಸದ್ದಿಲ್ಲದೆ ಹೋಗಿ ಎತ್ತಿಕೊಂಡುಬಿಡುತ್ತಾನೆ. ಅಡಗಿ ಬದುಕುವುದು ಅರ್ಧ ಗಂಟೆಯಿಂದ ಬುದ್ಧಿವಂತಿಕೆಯಾಗಿತ್ತು. ಒಂದು ವಸ್ತು ನೆಲದ ಮೇಲೆ ಹೊಳೆದದ್ದೇ ತಡ, ಅದೇ ಹೇಡಿತನವಾಯಿತು. ಹೊಸ ಬಂದೂಕು ಬಂದರೆ ಕೊಲ್ಲುವ ರೀತಿ ಬದಲಾಗುತ್ತದೆ, ಅಷ್ಟೆ. ಹೊಸ ಗುರಿ ಬಂದರೆ ಮನುಷ್ಯನ ನಡತೆಯೇ ಬದಲಾಗುತ್ತದೆ. ಅಪ್‌ಡೇಟ್ ಪಟ್ಟಿಯಲ್ಲಿ ಎರಡನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಬರೆದಿರುತ್ತಾರೆ.

ನಮ್ಮವರು ಗೆಲ್ಲಲಿಲ್ಲ. ಕಾಸರಗೋಡಿನವ ಕಾಸ್ಮಿಯಂನ ಮೇಲೆಯೇ ಬಿದ್ದ. ಕನ್ನಡ, ಮರಾಠಿ, ಹಿಂದಿ, ತುಳು, ನಾಲ್ಕೂ ಭಾಷೆಯ ಬೈಗುಳ ಒಟ್ಟಿಗೆ ಕೇಳುವ ಭಾಗ್ಯ ನನಗೆ ಒದಗಿತು.

ಮರುದಿನ ಊರು ನೋಡಲು ಹೊರಟೆವು. ವನಾಜ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಡೆಕ್ಕನ್ ಜಿಮ್‌ಖಾನಾದಲ್ಲಿ ಇಳಿದರೆ ನಿಲ್ದಾಣದ ಛಾವಣಿಯೇ ಮರಾಠಾ ಪಗಡಿಯ ಆಕಾರದಲ್ಲಿದೆ. ಅಲ್ಲಿಂದ ನಡೆಯುವಷ್ಟು ದೂರದಲ್ಲಿ 1906ರಲ್ಲಿ ಹುಟ್ಟಿದ ಡೆಕ್ಕನ್ ಜಿಮ್‌ಖಾನಾ ಕ್ಲಬ್. ಹಳ್ಳಿಹಳ್ಳಿಯ ಶಾಲೆಯ ಅಂಗಳದಲ್ಲಿ ಹುಡುಗರು ತಮಗೆ ತೋಚಿದಂತೆ ಆಡಿಕೊಂಡಿದ್ದ ಖೋಖೋಗೆ 1914ರಲ್ಲಿ ಮೊದಲ ಸಲ ಕಟ್ಟುನಿಟ್ಟಾದ ನಿಯಮ ಬರೆದದ್ದು ಇಲ್ಲಿ. ನಾನು ಐದನೇ ಇಯತ್ತೆಯಲ್ಲಿ ಮೊಣಕಾಲು ಕೆತ್ತಿಸಿಕೊಂಡ ಆಟದ ಕಾಯಿದೆಪುಸ್ತಕ ಇಲ್ಲಿ ಹುಟ್ಟಿತೆಂದು ತಿಳಿದು, ಗೇಟಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಅಳಿಯನಿಗೆ ಇದು ಗೊತ್ತಿರಲಿಲ್ಲ. ದಿನಾ ಇದೇ ದಾರಿಯಲ್ಲಿ ಹೋಗುವವನು.

ಅಲ್ಲಿಗೆ ನನಗೆ ಗುಂಗು ಹಿಡಿಯಿತು. ಈ ಊರಿನ ಗುಣವೇ ಇದೇನೋ? ಯಾವುದೋ ಆಟವನ್ನು ಹಿಡಿದು ತಂದು ಅದರ ನಿಯಮ ತಿರುಚುವುದು?

ಪುಣೆಯ ಕ್ಯಾಂಪಿನಲ್ಲಿ, ಅಂದರೆ ಹಳೆಯ ದಂಡಿನ ಪ್ರದೇಶದಲ್ಲಿ, ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಅಧಿಕಾರಿಗಳು ಗರಿಯ ಶಟಲ್‌ಕಾಕನ್ನು ಬ್ಯಾಟಿನಿಂದ ಹೊಡೆದು ಆಡುತ್ತಿದ್ದರು. ಯುರೋಪಿನಲ್ಲಿ ಈ ಆಟ ಬಹಳ ಹಳೆಯದು, ಆದರೆ ಬಹುಮಟ್ಟಿಗೆ ಸ್ನೇಹದ ಆಟ. ಇಬ್ಬರೂ ಸೇರಿ ಗರಿ ನೆಲಕ್ಕೆ ಬೀಳದಂತೆ ಎಷ್ಟು ಹೊತ್ತು ಕಾಯಬಹುದು ಎಂಬುದೇ ಪಂದ್ಯ. ಇಲ್ಲಿ ನಡುವೆ ಒಂದು ಬಲೆ ಬಂತು. ಬ್ಯಾಟು ಅದೇ, ಗರಿ ಅದೇ. ಗುರಿ ಮಾತ್ರ ತಲೆಕೆಳಗಾಯಿತು. ನಿನ್ನೆಯವರೆಗೆ ಬೀಳದಂತೆ ಕಾಯುತ್ತಿದ್ದ ಜೊತೆಗಾರ ಇವತ್ತು ನನ್ನ ಅಂಗಳದಲ್ಲಿ ಬೀಳಿಸಲು ಹೊಂಚುವ ಎದುರಾಳಿ. ಆಟಕ್ಕೆ 'ಪೂನಾ' ಎಂದೇ ಹೆಸರು ಬಿದ್ದಿತ್ತು. 1873ರ ಹೊತ್ತಿಗೆ 'ಪೂನಾ ನಿಯಮ'ಗಳು ಸಿದ್ಧವಾದವು. ರಜೆಯ ಮೇಲೆ ಊರಿಗೆ ಹೋದ ಅಧಿಕಾರಿಗಳು ಆಟವನ್ನು ಇಂಗ್ಲೆಂಡಿಗೆ ಒಯ್ದರು. ಅಲ್ಲಿ ಡ್ಯೂಕ್ ಆಫ್ ಬೋಫರ್ಟ್ ಅವರ ಬ್ಯಾಡ್ಮಿಂಟನ್ ಎಂಬ ಬಂಗಲೆಯ ಹೆಸರೇ ಆಟಕ್ಕೂ ಅಂಟಿತು. ಗಾಳಿ ಮಳೆ ಇದ್ದಾಗ ಗರಿಯ ಬದಲು ಉಣ್ಣೆಯ ಚೆಂಡು ಬಳಸುತ್ತಿದ್ದರಂತೆ. ನಮ್ಮ ಕಡೆಯ ಕಾಲೇಜು ಮೈದಾನಗಳಲ್ಲಿ ಹಳದಿ ಉಣ್ಣೆ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಆಡಿದ ಹಿರಿಯರು ಈ ಸಾಲು ಓದಿದರೆ ಮುಗುಳ್ನಕ್ಕಾರು.

ಇಷ್ಟೆಲ್ಲ ಮಾತಾಡಿ ಹಸಿವಾಗಿ, ಫರ್ಗುಸನ್ ರಸ್ತೆಯ 'ವೈಶಾಲಿ'ಗೆ ಹೋದೆವು. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಜಗನ್ನಾಥ ಶೆಟ್ಟರು ಕಟ್ಟಿದ ಹೋಟೆಲು. 2023ರಲ್ಲಿ ಅವರು ತೀರಿಕೊಂಡಾಗ ಪುಣೆಯ ಮರಾಠಿ ಪತ್ರಿಕೆಗಳು ಮನೆಯ ಹಿರಿಯರೊಬ್ಬರು ಹೋದಂತೆ ಬರೆದವು. ದೋಸೆಗೆ ಸರತಿಯಲ್ಲಿ ನಿಂತಾಗ ಅಳಿಯನಿಗೆ ನಮ್ಮ ಮೈಸೂರಿನ ಕಥೆ ಹೇಳಿದೆ. ಅಪ್‌ಡೇಟ್ ಕೊಡುವುದರಲ್ಲಿ ಯಾವ ಕಂಪನಿಯೂ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೀರಿಸಲಾರದು. ರಾಜ್ಯಭಾರ ಬ್ರಿಟಿಷರ ಕೈಗೆ ಹೋದ ಮೇಲೆ ಅರಸರು ಆಟಗಳನ್ನು ಆಳಿದರು. ಮಾಮೂಲಿ ಗಂಜೀಫ ಎಲೆಗಳ ಕಟ್ಟು ಅವರಿಗೆ ಸಾಲಲಿಲ್ಲ. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ 36 ಎಲೆಗಳಿಂದ ಹಿಡಿದು 360 ಎಲೆಗಳವರೆಗೆ 13 ಬಗೆಯ 'ಛದ'ಗಳನ್ನು ವರ್ಣಿಸಿದ್ದಾರೆ. ಒಂದೊಂದು ಎಲೆಯ ಮೇಲೂ ದೇವತೆ, ವಾಹನ, ಶ್ಲೋಕ. ಚದುರಂಗದ ಕುದುರೆಯನ್ನು ಹಲಗೆಯ ಎಲ್ಲ ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನೂ ಅವರು ರಚಿಸಿದರು.

"360 ಕಾರ್ಡ್? ಆಡಾವ್ರು ಯಾರ್ರಿ ಮಾಮಾ?" ಎಂದ ಅಳಿಯ.

ಸರಿಯಾದ ಪ್ರಶ್ನೆ. ಹೊಸ ವಸ್ತುಗಳನ್ನು ಸುರಿಯುತ್ತ ಹೋದರೆ ಆಟ ಶ್ರೀಮಂತವಾಗುತ್ತದೆ, ಆಡುವವರು ಬಡವಾಗುತ್ತಾರೆ. ಮುಮ್ಮಡಿಯವರ ಛದಗಳು ಈಗ ಕಲೆಯಾಗಿ ಉಳಿದಿವೆ. ಮೈಸೂರಿನ ಗಂಜೀಫ ಚಿತ್ರಕಾರರು ಬರೆಯುತ್ತಾರೆ, ಜನ ಗೋಡೆಗೆ ಹಾಕುತ್ತಾರೆ. ಈಗಿನ ಮೊಬೈಲ್ ಆಟಗಳಿಗೂ ಇದೇ ರೋಗ ಇದೆ. ಪ್ರತಿ ಸೀಸನ್ನಿಗೆ ಹೊಸ ಅಂಗಿ, ಹೊಸ ಟೋಪಿ, ಬಂದೂಕಿಗೆ ಹೊಸ ಬಣ್ಣ, ಎಲ್ಲಕ್ಕೂ ಬೆಲೆ. ಅಂಗಿಯಿಂದ ಪೆಟ್ಟು ಜೋರಾಗುವುದಿಲ್ಲ, ಜೇಬು ಹಗುರಾಗುತ್ತದೆ. ಅಳಿಯ ಎಷ್ಟು ಖರ್ಚು ಮಾಡಿದ್ದಾನೆಂದು ಕೇಳಿದೆ. ದೋಸೆ ಬಂತು, ಮಾತು ಅಲ್ಲಿಗೇ ನಿಂತಿತು.

ಬಾಲೇವಾಡಿ ಅವನ ಆಫೀಸಿನ ದಾರಿಯಲ್ಲಿದೆ. ಅಲ್ಲಿನ ಶಿವಛತ್ರಪತಿ ಕ್ರೀಡಾ ಸಂಕೀರ್ಣ ಎಷ್ಟು ದೊಡ್ಡದೆಂದರೆ ಒಂದು ತಾಲ್ಲೂಕಿನ ಜಾತ್ರೆ ಹಿಡಿಯುತ್ತದೆ. 2022ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಇಲ್ಲಿಯೇ ಅಲ್ಟಿಮೇಟ್ ಖೋಖೋ ಲೀಗ್‌ನ ಮೊದಲ ಆವೃತ್ತಿ ನಡೆಯಿತು, ಒಡಿಶಾ ತಂಡ ಗೆದ್ದಿತು. ನಿಯಮ ಹುಟ್ಟಿದ ಊರಿನಲ್ಲೇ ನೂರು ವರ್ಷದ ನಂತರ ನಿಯಮ ಮುರಿದು ಕಟ್ಟಿದರು. ಮಣ್ಣಿನಿಂದ ಮ್ಯಾಟಿಗೆ ಬಂದ ಆಟಕ್ಕೆ 'ವಜೀರ' ಎಂಬ ಹೊಸ ಪಾತ್ರ ಸೇರಿತು. ಖೋಖೋ ಆಡಿದವರಿಗೆ ಗೊತ್ತು: ಬೆನ್ನಟ್ಟುವವನು ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವ ತನಕ ತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಓಡುವವನ ಬದುಕು ನಿಂತಿರುವುದೇ ಆ ಕಟ್ಟಿನ ಮೇಲೆ. ವಜೀರನಿಗೆ ಆ ಕಟ್ಟಿಲ್ಲ. ಯಾವ ದಿಕ್ಕಿಗಾದರೂ ತಿರುಗುತ್ತಾನೆ. ಪವರ್‌ಪ್ಲೇ ಬಂದರೆ ವಜೀರರು ಇಬ್ಬರು. ಹಾರಿ ಬಿದ್ದು ಮುಟ್ಟಿದರೆ, ಸ್ಕೈ ಡೈವ್ ಎನ್ನುತ್ತಾರೆ, ಅಂಕ ಹೆಚ್ಚು. ಇದಕ್ಕೆ ಸಮತೂಕವಾಗಿ ಓಡುವವರಿಗೂ ಒಂದು ಕೊಟ್ಟರು: ನಿಗದಿತ ಹೊತ್ತು ಮೀರಿ ಸಿಕ್ಕದೆ ಉಳಿದರೆ 'ಡ್ರೀಮ್ ರನ್', ಅದಕ್ಕೂ ಅಂಕ. ಮೊದಲು ತಪ್ಪಿಸಿಕೊಳ್ಳುವುದು ಬರೀ ತಪ್ಪಿಸಿಕೊಳ್ಳುವುದಾಗಿತ್ತು, ಈಗ ಅದೇ ಗಳಿಕೆ.

ಅಳಿಯ ಕಣ್ಣರಳಿಸಿದ. "ಹಂಗಾದ್ರ ಅಟ್ಯಾಕ್ ಬಫ್ ಮಾಡಿ, ಡಿಫೆನ್ಸ್‌ಗೂ ಬಫ್ ಕೊಟ್ಟಾರ!" ನನ್ನ ಹಳೇ ಆಟ ಅವನ ಭಾಷೆಯಲ್ಲಿ ಅವನಿಗೆ ಅರ್ಥವಾಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಆ ತಂಡಗಳಲ್ಲಿ ನಮ್ಮ ಮೈಸೂರು ಜಿಲ್ಲೆ ಕುರುಬೂರಿನ ಚೈತ್ರಾ ಇದ್ದಳು, ಎಂ.ಕೆ. ಗೌತಮ್ ಇದ್ದ. ಆ ಪಂದ್ಯಗಳನ್ನು ನೋಡೋಣವೆಂದು ಅಳಿಯ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಫೋನ್ ತೆರೆದ. ಆಟ ಬಿಟ್ಟು ಬೇರೆ ಕೆಲಸಕ್ಕೂ ಆ ಫೋನು ಆಗುತ್ತದೆ.

ಪುಣೆಯ ಆಟದ ಅಂಗಡಿ ಇಂಡಸ್ ಒಂದೇ ಅಲ್ಲ. ಫ್ರಾನ್ಸಿನ ಯೂಬಿಸಾಫ್ಟ್ 2008ರಿಂದ ಇಲ್ಲಿದೆ. ರಿಯಲ್ ಕ್ರಿಕೆಟ್ ಮಾಡಿದ ನಾಟಿಲಸ್ ಇಲ್ಲಿನದು. ರಾಜಸ್ಥಾನದ ಕೋಟೆ ಕೊತ್ತಲಗಳ ನಡುವೆ ತಮ್ಮನನ್ನು ಹುಡುಕಿ ಹೊರಟ ಹುಡುಗಿಯ ಕಥೆಯಾದ 'ರಾಜಿ: ಆನ್ ಏನ್ಷಿಯಂಟ್ ಎಪಿಕ್' 2020ರಲ್ಲಿ ಬಂದಾಗ ಜಗತ್ತು ತಿರುಗಿ ನೋಡಿತು, ಅದನ್ನು ಮಾಡಿದ ನಾಡಿಂಗ್ ಹೆಡ್ಸ್ ಕೂಡ ಪುಣೆಯದೇ. ಅದರ ಕಥೆಯ ಭಾಗಗಳನ್ನು ತೊಗಲುಗೊಂಬೆಯ ರೀತಿಯಲ್ಲಿ ತೋರಿಸಿದ್ದಾರೆ. ನಮ್ಮ ಬಳ್ಳಾರಿ, ಕೊಪ್ಪಳದ ಕಿಳ್ಳೇಕ್ಯಾತರ ಗೊಂಬೆಗಳಿಗೆ ಇಂಥ ಯೋಗ ಯಾವಾಗ ಬರುತ್ತದೋ.

ಕೊನೆಗೆ ಸಿಂಹಗಡದ ಕೋಟೆ. ಬಿಟ್ಟು ಬಂದರೆ ಪುಣೆ ನೋಡಿದಂತಾಗುವುದಿಲ್ಲ ಎಂದು ನಾನೇ ಹಟ ಹಿಡಿದೆ. ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್. ನಸುಕಿಗೇ ಹತ್ತಲು ಶುರುಮಾಡಿದರೂ ಅರ್ಧಕ್ಕೆ ಏದುಸಿರು. ಮೇಲೆ ಹೆಂಗಸರು ಮಡಕೆಯ ಮೊಸರು, ಪಿಠ್ಲ, ಭಾಕರಿ ಮಾರುತ್ತಾರೆ. ಭಾಕರಿ ನಮ್ಮ ರೊಟ್ಟಿಯೇ, ಸ್ವಲ್ಪ ದಪ್ಪ.

1670ರ ಫೆಬ್ರವರಿಯ ಒಂದು ರಾತ್ರಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಈ ಕಡಿದಾದ ಬಂಡೆಯ ಕಡೆಯಿಂದ ಹಗ್ಗ ಹಿಡಿದು ಹತ್ತಿದ. ಮೇಲೆ ಮೊಘಲರ ಪರ ಕೋಟೆ ಕಾಯುತ್ತಿದ್ದವನು ಉದಯಭಾನು ರಾಠೋಡ. ಇಬ್ಬರೂ ಪರಸ್ಪರ ಕೈಯಲ್ಲಿ ಮಡಿದರು. ನಾಯಕ ಬಿದ್ದುದನ್ನು ಕಂಡು ಅವನ ಸೈನಿಕರಾದ ಮಾವಳರು ಹಿಂದೆ ಸರಿಯತೊಡಗಿದಾಗ ತಾನಾಜಿಯ ತಮ್ಮ ಸೂರ್ಯಾಜಿ ಹಗ್ಗಗಳನ್ನು ಕಡಿದುಹಾಕಿದನೆಂದು ಹೇಳುತ್ತಾರೆ: ಇಳಿಯುವ ದಾರಿ ಇಲ್ಲ, ಇನ್ನು ಹೋರಾಡಿ.

ಬಂಡೆಯ ಅಂಚಿನಲ್ಲಿ ನಿಂತು ಅಳಿಯ ಕೆಳಗೆ ಬಗ್ಗಿ ನೋಡಿದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾಮಾ, ಹಗ್ಗ ಕಡಿಯೂದಂದ್ರ ಜೋನ್ ಮುಚ್ಚೂದರೀ" ಎಂದ. ಕುಗ್ಗುವ ವೃತ್ತದ ತರ್ಕವನ್ನು ಆ ಹುಡುಗ ಹೀಗೆ ಕೋಟೆಯ ಮೇಲೆ ಇಟ್ಟು ತೋರಿಸಿದ. ನಾನು ಇನ್ನೊಂದು ಸೇರಿಸಿದೆ. ಆ ರಾತ್ರಿ ಮಾವಳರಿಗೆ ಎಲ್ಲರನ್ನೂ ಕೊಂದು ಕೊನೆಯವರಾಗಿ ಉಳಿಯುವ ಹಂಗಿರಲಿಲ್ಲ. ಕೋಟೆ ಕೈಗೆ ಬಂದರೆ ಸಾಕಿತ್ತು. ಬಂದ ಮೇಲೆ ಹುಲ್ಲಿನ ಸೂರುಗಳಿಗೆ ಬೆಂಕಿ ಹಚ್ಚಿ, ದೂರದ ರಾಜಗಡದಲ್ಲಿ ಕಾಯುತ್ತಿದ್ದ ಶಿವಾಜಿಗೆ ಗೆಲುವಿನ ಸುದ್ದಿ ಮುಟ್ಟಿಸಿದರೆಂದು ಬಖರುಗಳೆಂಬ ಮರಾಠಿ ಚರಿತ್ರೆಗಳು ಹೇಳುತ್ತವೆ. ನಾಯಕನೇ ಉಳಿಯಲಿಲ್ಲ, ಆದರೂ ಗೆದ್ದರು. ಈ ಗುಡ್ಡ ಕಾಣುವ ಊರಿನಲ್ಲಿ ಕೂತು ಆಟ ಬರೆದವರಿಗೆ ಕಾಸ್ಮಿಯಂ ಹೊಳೆದದ್ದು ನನಗೀಗ ಅಷ್ಟು ಆಶ್ಚರ್ಯವೆನಿಸುವುದಿಲ್ಲ. ಅವರು ಇದನ್ನು ನೆನೆದೇ ಮಾಡಿದರೆಂದು ನಾನು ಹೇಳುತ್ತಿಲ್ಲ; ಇಲ್ಲಿ ನಿಂತರೆ ಹಾಗೆ ಅನಿಸುತ್ತದೆ, ಅಷ್ಟೆ.

ಇನ್ನೊಂದು ವಿಷಯ, ಮನೆಯ ಹಿರಿಯರಿಗಾಗಿ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯಿದೆ ಮಾಡಿತು. ಹಣ ಕಟ್ಟಿ ಹಣ ಗೆಲ್ಲುವ ಆಟಗಳಿಗೆ ಅದು ನಿಷೇಧ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ. ಇಸ್ಪೀಟು ರಮ್ಮಿಗೆ ಸಂಬಳ ಸುರಿಯುವುದೂ ವೀರ್‌ಲೋಕ್‌ನಲ್ಲಿ ಕಾಸ್ಮಿಯಂಗಾಗಿ ಓಡುವುದೂ ಒಂದೇ ಅಲ್ಲ ಎಂದು ಈಗ ಕಾನೂನೇ ಹೇಳುತ್ತದೆ. ಹಾಗೆಂದು ರಾತ್ರಿ ಎರಡರವರೆಗೆ ಆಡುವುದಕ್ಕೆ ಕಾನೂನಿನ ಆಶೀರ್ವಾದ ಸಿಕ್ಕಿತೆಂದು ತಿಳಿಯಬೇಡಿ. ಈ ಮಾತನ್ನು ಅಳಿಯನಿಗೂ ಹೇಳಿದ್ದೇನೆ.

ಪುಣೆಗೆ ಹೋಗುವವರು ಶನಿವಾರವಾಡಾ, ದಗಡೂಶೇಟ್ ಗಣಪತಿ ನೋಡಿಯೇ ನೋಡುತ್ತೀರಿ. ಅದರ ಜೊತೆಗೆ ಡೆಕ್ಕನ್ ಜಿಮ್‌ಖಾನಾದ ಗೇಟಿನವರೆಗೆ ಒಮ್ಮೆ ನಡೆಯಿರಿ, ಬಾಲೇವಾಡಿಗೆ ಒಂದು ಸಂಜೆ ಕೊಡಿ. ಸಿಂಹಗಡಕ್ಕೆ ಸ್ವಾರಗೇಟಿನ ಕಡೆಯಿಂದ ಸಿಟಿ ಬಸ್ಸು ಸಿಗುತ್ತದೆ, ಬಿಸಿಲೇರುವ ಮೊದಲು ಹತ್ತಿ ಇಳಿಯಿರಿ. ಶನಿವಾರ ಭಾನುವಾರ ಬೇಡ, ವಿಪರೀತ ಗದ್ದಲ. ಸಾಧ್ಯವಾದರೆ ಮನೆಯಲ್ಲಿ ಬ್ಯಾಟಲ್ ರಾಯಲ್ ಆಡುವ ಹುಡುಗನೋ ಹುಡುಗಿಯೋ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಕೋಟೆ ಎಲ್ಲಿಂದ ಹತ್ತಬಹುದು, ಎಲ್ಲಿ ನಿಂತರೆ ಸಾವು ಖಚಿತ ಎಂದು ಗೈಡಿಗಿಂತ ಚೆನ್ನಾಗಿ ತೋರಿಸುತ್ತಾರೆ.